ಕರೆದವನು ಸುಮ್ಮನಾದಾಗ

ದೃಢವಾದ ನಂಬಿಕೆಯುಳ್ಳವರಿಗೆ ಸಂಶಯವೇ ಬಾರದೆಂದು ತಿಳಿಯುವವರುಂಟು. ಮದರ್ ತೆರೇಸಾ ಅವರ ಪತ್ರಗಳನ್ನು ಓದಿದವರು ಹಾಗೆನ್ನಲಾರರು.

1946ರಲ್ಲಿ ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ, ಕಡುಬಡವರ ಸೇವೆಗೆ ಕ್ರಿಸ್ತನು ಕರೆದನೆಂದು ಅವರಿಗೆ ಅನಿಸಿತು. ಕಲ್ಕತ್ತೆಯ ಕೊಳೆಗೇರಿಗಳಲ್ಲಿ ಕೆಲಸ ಆರಂಭವಾದ ಮೇಲೆ, ವಿಚಿತ್ರವೆಂದರೆ, ಕರೆದವನೇ ಸುಮ್ಮನಾದ. ಪ್ರಾರ್ಥನೆಗೆ ಉತ್ತರವಿಲ್ಲ, ಒಳಗೆಲ್ಲ ಶೂನ್ಯ. ದೇವರು ಇದ್ದಾನೆಯೇ ಎಂಬ ಪ್ರಶ್ನೆಯೂ ಎದ್ದಿತು. ನಾಲ್ಕು ದಿನದ ಮಾತಲ್ಲ, 1958ರ ಕೆಲವು ವಾರಗಳನ್ನು ಬಿಟ್ಟರೆ ಸುಮಾರು ಐವತ್ತು ವರ್ಷ! ಆದರೂ ಪ್ರಾರ್ಥನೆ ಬಿಡಲಿಲ್ಲ, ಸಾಯುತ್ತಿದ್ದವರ ಶುಶ್ರೂಷೆ ನಿಲ್ಲಲಿಲ್ಲ. ಜೆಸ್ವಿಟ್ ಪಾದ್ರಿ ಜೋಸೆಫ್ ನಾಯ್ನರ್ ಅವರ ಮಾತಿನಿಂದ, ಈ ಕತ್ತಲೆಯೂ ತಮ್ಮ ಕೆಲಸದ ಭಾಗವೇ ಎಂದು ಒಪ್ಪಿಕೊಂಡರು. ಕತ್ತಲೆ ಮಾತ್ರ ಹೋಗಲಿಲ್ಲ.

ಪತ್ರಗಳನ್ನು ನಾಶಮಾಡಿರೆಂದು ಅವರು ಬೇಡಿಕೊಂಡಿದ್ದರು. 2007ರಲ್ಲಿ ಅವು ಅಚ್ಚಾದಾಗ ಬೂಟಾಟಿಕೆಯೆಂದು ಹಳಿದವರೂ ಇದ್ದರು. ಅವೆಲ್ಲ ಗೊತ್ತಿದ್ದೇ ಚರ್ಚು 2016ರಲ್ಲಿ ಅವರನ್ನು ಸಂತರೆಂದು ಸಾರಿತು.