ದಂಡಿನ ಪರಿಷೆ



ನಾನು ಬಸವನಗುಡಿಯಲ್ಲಿ ಬೆಳೆದವನು. ವರ್ಷದ ಕೊನೆಗೆ ನಮ್ಮ ಮನೆಗೆ ಎರಡು ಪರಿಷೆಗಳಿದ್ದವು. ಒಂದು ಎಲ್ಲರಿಗೂ ಗೊತ್ತಿರುವುದೇ: ಕಾರ್ತಿಕ ಮಾಸದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ಸೇರುವ ಕಡಲೆಕಾಯಿ ಪರಿಷೆ. ಕಡಲೆಕಾಯಿ ಸಿಪ್ಪೆ ಬೀದಿಯಿಂದ ಮಾಯವಾಗಿ ಕೆಲವು ದಿನವಾದ ಮೇಲೆ, ಡಿಸೆಂಬರಿನ ಒಂದು ಸಂಜೆ, ಆಫೀಸಿನಿಂದ ಬಂದ ಅಪ್ಪ ಬೂಟು ಕೂಡ ಬಿಚ್ಚದೆ ಹೇಳುತ್ತಿದ್ದರು: "ಸ್ವೆಟರ್ ಹಾಕ್ಕೊಳ್ರೋ, ದಂಡಿಗೆ ಹೋಗಿ ಲೈಟು ನೋಡ್ಕೊಂಡು ಬರೋಣ."

ಶಿವಾಜಿನಗರದ ಬಿಟಿಎಸ್ ಬಸ್ಸು. ಇಳಿದು ಒಂದಷ್ಟು ನಡೆದರೆ ಬ್ರಿಗೇಡ್ ರಸ್ತೆ. ಈ ತುದಿಯಿಂದ ಒಪೇರಾ ಹೌಸ್ ತನಕ ಕತ್ತೆತ್ತಿಕೊಂಡೇ ನಡೆಯುವುದು, ಅಲ್ಲಿ ತಿರುಗಿ ಎದುರು ಬದಿಯಲ್ಲಿ ವಾಪಸು ಬರುವುದು. ಒಂದು ರೂಪಾಯಿಯ ಸಾಮಾನೂ ಕೊಳ್ಳುತ್ತಿರಲಿಲ್ಲ. ಒಮ್ಮೆ ನಾನು ಕೇಳಿದೆ: "ಕ್ರಿಸ್‌ಮಸ್ಸು ಅವರ ಹಬ್ಬ ಅಲ್ವಾ ಅಪ್ಪ, ನಾವ್ಯಾಕೆ ಹೋಗೋದು?" ಅಪ್ಪ ನಕ್ಕರು. "ಬಸವಣ್ಣನ ಪರಿಷೆಗೆ ಬರೋರೆಲ್ಲ ಬಸವನಗುಡಿಯೋರೇನೋ?"

ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಹಬ್ಬವನ್ನು ನಾವು 'ಮಾಡುತ್ತೇವೆ'. ಪರಿಷೆಗೆ 'ಹೋಗುತ್ತೇವೆ'. ಪೂಜೆ ಮಾಡುವ ಮನೆತನ ಒಂದಿರಬಹುದು, ನೆರೆಯುವುದು ಮಾತ್ರ ಊರಿಗೆ ಊರೇ. ಬೆಂಗಳೂರಿನ ಕ್ರಿಸ್‌ಮಸ್ಸು ಹೀಗೆ ಪರಿಷೆಯಾದದ್ದು ಹೇಗೆ ಎಂಬುದೇ ಇವತ್ತಿನ ಮಾತು. ಪರಿಷೆ ಎಂದ ಮೇಲೆ ನಾಲ್ಕು ಇರಲೇಬೇಕಲ್ಲ: ಗುಡಿ, ದೀಪ, ಸಂತೆ, ತಿಂಡಿ. ಆ ಕ್ರಮದಲ್ಲೇ ಹೋಗೋಣ.

ಮೊದಲು ಗುಡಿ. ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟ ಇಂಗ್ಲಿಷರ ಸೈನ್ಯಕ್ಕೆ ಅಲ್ಲಿನ ಜ್ವರ ತಡೆಯಲಾಗಲಿಲ್ಲ. 1809ರಲ್ಲಿ ಅದು ಬೆಂಗಳೂರಿಗೆ ಬಂತು. ಕೆಂಪೇಗೌಡರ ಪೇಟೆಯ ಒಳಕ್ಕಲ್ಲ, ಪೂರ್ವಕ್ಕೆ, ಹಲಸೂರಿನ ಕಡೆಯ ಬಯಲಿಗೆ. ಅದೇ ದಂಡು. ಸೈನ್ಯದ ಹಿಂದೆ ಅಡುಗೆಯವರು, ದರ್ಜಿಗಳು, ಗಾಡಿಯವರು, ವ್ಯಾಪಾರಿಗಳು ಬಂದರು. ತಮಿಳು ಸೀಮೆಯಿಂದ ಬಂದ ಕ್ರೈಸ್ತ ಕುಟುಂಬಗಳೂ ಅವರಲ್ಲಿದ್ದವು. ಸೈನ್ಯದವರಿಗೆಂದು ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚು 1816ರಲ್ಲಿ ಪ್ರತಿಷ್ಠಾಪನೆಯಾಯಿತು. ಆಗ ಬ್ಲ್ಯಾಕ್‌ಪಲ್ಲಿ ಎನ್ನುತ್ತಿದ್ದ ಇವತ್ತಿನ ಶಿವಾಜಿನಗರದಲ್ಲಿ, ಜನಸಾಮಾನ್ಯರ ಸೇಂಟ್ ಮೇರಿ ಚರ್ಚು ಗುಡಿಸಲಿನಂಥ ಪ್ರಾರ್ಥನಾ ಮಂದಿರದಿಂದ ಬೆಳೆಯುತ್ತ ಬೆಳೆಯುತ್ತ 1882ರಲ್ಲಿ ಈಗಿನ ಎತ್ತರದ ಗೋಪುರ ಪಡೆಯಿತು.

ಕ್ರಿಸ್‌ಮಸ್ಸು ದಂಡಿನಲ್ಲಷ್ಟೇ ಇತ್ತು ಎಂದುಕೊಳ್ಳಬೇಡಿ. ಪೇಟೆಯೊಳಗೆ, ಅವೆನ್ಯೂ ರಸ್ತೆಯ ಜವಳಿ ಮತ್ತು ಪುಸ್ತಕದ ಅಂಗಡಿಗಳ ನಡುವೆ, ರೈಸ್ ಮೆಮೋರಿಯಲ್ ಚರ್ಚು ಇವತ್ತಿಗೂ ಇದೆ. ಅಲ್ಲಿ ಕನ್ನಡದಲ್ಲಿ ಬೋಧಿಸಿದ ಪಾದ್ರಿ ಬೆಂಜಮಿನ್ ರೈಸ್ ಅವರ ಮಗನೇ ನಮ್ಮ ಶಾಸನಗಳನ್ನು ಊರೂರಿಗೆ ಹೋಗಿ ಕೂಡಿಸಿದ ಬಿ.ಎಲ್. ರೈಸ್. ಕಾರ್ಪೊರೇಷನ್ ಹತ್ತಿರದ ಹಡ್ಸನ್ ಚರ್ಚು 1904ರದು, ಅದೂ ಕನ್ನಡಿಗರದೇ. ಅಂದರೆ ನೂರು ವರ್ಷಕ್ಕೂ ಹಿಂದೆಯೇ ಈ ಊರಿನಲ್ಲಿ ಕ್ರಿಸ್ತಜಯಂತಿ ಕನ್ನಡದಲ್ಲಿ ನಡೆಯುತ್ತಿತ್ತು.

ಆದರೆ ಒಂದು ಸೋಜಿಗ ನೋಡಿ. 1816ರ ಆ ದಂಡಿನ ಕ್ರಿಸ್‌ಮಸ್ಸಿನಲ್ಲಿ, ಇವತ್ತು ನಾವು ಕ್ರಿಸ್‌ಮಸ್ ಎಂದಾಗ ಕಣ್ಣಿಗೆ ಕಟ್ಟುವ ಬಹಳಷ್ಟು ಸಾಮಾನು ಇರಲೇ ಇಲ್ಲ. ಶುಭಾಶಯದ ಕಾರ್ಡು ಲಂಡನ್ನಿನಲ್ಲೇ ಹುಟ್ಟಿದ್ದು 1843ರಲ್ಲಿ. ಸಿಂಗರಿಸಿದ ಮರ ಜರ್ಮನರ ಪದ್ಧತಿ. ರಾಣಿ ವಿಕ್ಟೋರಿಯಾ ಮತ್ತು ಆಕೆಯ ಜರ್ಮನ್ ಗಂಡ ಆಲ್ಬರ್ಟ್ ಮರದ ಸುತ್ತ ಮಕ್ಕಳೊಂದಿಗೆ ನಿಂತ ಚಿತ್ರ 1848ರಲ್ಲಿ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಇಂಗ್ಲಿಷರ ಮನೆಮನೆಗೆ ಅದು ನುಗ್ಗಿತು. ಬೆಂಗಳೂರಿಗೆ ಬರುವ ಹೊತ್ತಿಗೆ ಮರದ ಜಾತಿಯೇ ಬದಲಾಯಿತು. ಇಲ್ಲಿ ಫರ್ ಮರ ಎಲ್ಲಿಂದ ತರುವುದು? ಸರ್ವೆ ಮರದ ಕೊಂಬೆಯನ್ನೇ ಬಕೆಟ್ಟಿನ ಮರಳಿಗೆ ನೆಟ್ಟರು. ಇವತ್ತು ನರ್ಸರಿಯವರು 'ಕ್ರಿಸ್‌ಮಸ್ ಟ್ರೀ' ಎಂದು ಕುಂಡದಲ್ಲಿ ಕೊಡುವ ಅರಾಕೇರಿಯ ಯುರೋಪಿನದೂ ಅಲ್ಲ, ಶಾಂತಸಾಗರದ ದ್ವೀಪಗಳ ಗಿಡ.

ಈ ಸಾಮಾನುಗಳಿಗೆಲ್ಲ ಹಿರಿಯದು ಗೋದಲಿ. ಬಾಲಯೇಸು ಹುಟ್ಟಿದ ದನದ ಕೊಟ್ಟಿಗೆಯ ದೃಶ್ಯ. ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಸಂತ ಫ್ರಾನ್ಸಿಸ್ 1223ರಲ್ಲಿ ಎತ್ತು ಕತ್ತೆಗಳನ್ನೇ ನಿಲ್ಲಿಸಿ ಅದನ್ನು ತೋರಿಸಿದ. ನಮ್ಮಲ್ಲಿ ಗೋದಲಿ ಕಟ್ಟುವ ಕೆಲಸ ಹೇಗೆ ಶುರುವಾಗುತ್ತದೆ ಗೊತ್ತೇ? ಹಬ್ಬಕ್ಕೆ ಎಂಟು ಹತ್ತು ದಿನ ಇರುವಾಗ ಅಗಲವಾದ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲುತ್ತಾರೆ. ದಿನಾ ನೀರು ಚಿಮುಕಿಸುತ್ತಾರೆ. ಹಬ್ಬದ ಹೊತ್ತಿಗೆ ಬೆರಳುದ್ದದ ಹಸಿರು ಪೈರು ನಿಂತಿರುತ್ತದೆ. ಅದೇ ಬೆತ್ಲೆಹೇಮಿನ ಹುಲ್ಲುಗಾವಲು! ಮದುವೆ ಮನೆಯಲ್ಲಿ ಅಂಕುರಾರ್ಪಣೆಗೆ ಧಾನ್ಯ ಮೊಳೆಯಿಸುವ ನಮಗೆ ಇದೇನು ಹೊಸದೇ? ಕುರುಬರು, ಕುರಿಗಳು, ಮೂವರು ಜ್ಞಾನಿಗಳು, ಎಲ್ಲ ಬೊಂಬೆಗಳೂ ಮೊದಲೇ ಬಂದು ಕೂರುತ್ತವೆ. ನಡುವಿನ ಹುಲ್ಲಿನ ತೊಟ್ಟಿಲು ಮಾತ್ರ ಖಾಲಿ. 24ರ ನಡುರಾತ್ರಿಯ ಬಲಿಪೂಜೆಯಲ್ಲಿ ಗಂಟೆ ಬಾರಿಸಿದಾಗ ಕೂಸು ಬರುತ್ತದೆ. ಆ ಖಾಲಿ ತೊಟ್ಟಿಲನ್ನು ಒಮ್ಮೆ ಹಿಂದಿನ ದಿನವೇ ಹೋಗಿ ನೋಡಿ. ಕೂಸು ಮಲಗಿದ ಮೇಲೆ ನೋಡಿದ್ದಕ್ಕಿಂತ ಅದು ಹೆಚ್ಚು ಹೇಳುತ್ತದೆ.

ಎರಡನೆಯದು ದೀಪ. ಮರಕ್ಕೆ ಮೊದಲು ಕಟ್ಟುತ್ತಿದ್ದದ್ದು ಮೇಣದ ಬತ್ತಿ. ಎಡಿಸನ್ನನ ಜೊತೆಗಾರ ಎಡ್ವರ್ಡ್ ಜಾನ್ಸನ್ 1882ರಲ್ಲಿ ನ್ಯೂಯಾರ್ಕಿನ ತನ್ನ ಮನೆಯ ಮರಕ್ಕೆ 80 ಪುಟ್ಟ ವಿದ್ಯುತ್ ಬಲ್ಬು ಸುತ್ತಿದ. ಬೆಂಗಳೂರಿನ ಬೀದಿಗೆ ವಿದ್ಯುತ್ ಬಂದದ್ದು 1905ರ ಆಗಸ್ಟ್ 5ರಂದು, ಶಿವನಸಮುದ್ರದಿಂದ. ಆ ದೀಪ ಹೊತ್ತಿದ್ದು ಮಾತ್ರ ದಂಡಿನಲ್ಲಲ್ಲ, ಪೇಟೆಯ ಕಡೆ, ಇವತ್ತಿನ ಕೆ.ಆರ್. ಮಾರುಕಟ್ಟೆಯ ಬಳಿ. ಬೀದಿದೀಪ ಪೇಟೆಯದು, ದೀಪ ನೋಡಲು ಪೇಟೆಯವರು ಹೋಗುವುದು ದಂಡಿಗೆ! ಬ್ರಿಗೇಡ್ ರಸ್ತೆಯ ಅಂಗಡಿಯವರು ಸೇರಿ ಆ ಬದಿಯಿಂದ ಈ ಬದಿಗೆ ತೋರಣ ಎಳೆದರೆ, ಅದರ ಕೆಳಗೆ ಹಾದು ಹೋಗುವ ಸುಖಕ್ಕೆ ಟಿಕೇಟಿಲ್ಲ.

ಮನೆ ಬಾಗಿಲಿಗೆ ತೂಗುಹಾಕುವ ಕಾಗದದ ನಕ್ಷತ್ರಕ್ಕೂ ಒಂದು ಕಥೆಯಿದೆ. ಚೂಪು ಚೂಪು ಕೋನಗಳ ಅಂಥ ನಕ್ಷತ್ರವನ್ನು 1830ರ ದಶಕದಲ್ಲಿ ಜರ್ಮನಿಯ ಮೊರೇವಿಯನ್ ಪಂಥದವರ ಶಾಲೆಯೊಂದರಲ್ಲಿ ರೇಖಾಗಣಿತದ ಪಾಠಕ್ಕೆಂದು ಮಾಡಿಸುತ್ತಿದ್ದರು. ಲೆಕ್ಕದ ಮೇಷ್ಟರು ಕೊಟ್ಟ ಮನೆಗೆಲಸ ಇವತ್ತು ಲೋಕದ ಹಲವು ಕಡೆ ಬಾಗಿಲಲ್ಲಿ ತೂಗುತ್ತಿದೆ.

ಮೂರನೆಯದು ಸಂತೆ. ನಕ್ಷತ್ರ ಬೇಕೆಂದರೆ ಶಿವಾಜಿನಗರ. 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯಿಂದ ನಾಲ್ಕು ಹೆಜ್ಜೆ ಹಾಕಿದರೆ ಸೇಂಟ್ ಮೇರಿ ಬೆಸಿಲಿಕಾ. ನಡುವಿನ ಆ ಜಾಗ ಡಿಸೆಂಬರಿನಲ್ಲಿ ಕಾಲಿಡಲು ತೆರಪಿಲ್ಲದಂತೆ ಇರುತ್ತದೆ. ಕುರುಬರ ಬೊಂಬೆ ಜೋಡಿಗಿಷ್ಟು, ಒಂಟೆಗೆ ಬೇರೆ ದರ, ಹತ್ತಿಯ ಹಿಮ ಪೊಟ್ಟಣಕ್ಕಿಷ್ಟು. ಚೌಕಾಸಿ ಕನ್ನಡದಲ್ಲಿ ಶುರುವಾಗಿ ತಮಿಳಿಗೆ ಹೊರಳಿ ಉರ್ದುವಿನಲ್ಲಿ ಮುಗಿಯುತ್ತದೆ. ಮಾರುವವರಲ್ಲಿ ಬಹಳ ಮಂದಿ ಮುಸಲ್ಮಾನರು, ಕೊಳ್ಳುವವರು ಎಲ್ಲರೂ. ಹಣೆಯ ತುಂಬ ಕುಂಕುಮವಿಟ್ಟ ಹೆಂಗಸು ಗೋದಲಿಯ ಮುಂದೆ ಬತ್ತಿ ಹಚ್ಚಿ, ಮಗುವಿನ ಕೈ ಹಿಡಿದು ಮುಗಿಸುವುದನ್ನು ಅಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಇನ್ನು ತಿಂಡಿ. ಪ್ಲಮ್ ಕೇಕಿನಲ್ಲಿ ಪ್ಲಮ್ ಹಣ್ಣೇ ಇರುವುದಿಲ್ಲ, ಗಮನಿಸಿದ್ದೀರಾ? ಹಳೆಯ ಇಂಗ್ಲಿಷಿನಲ್ಲಿ ಒಣದ್ರಾಕ್ಷಿಗೂ ಅದೇ ಹೆಸರು ಸಲ್ಲುತ್ತಿತ್ತು. ಮೊದಲು ಅದು ಕೇಕೂ ಆಗಿರಲಿಲ್ಲ, ಒಣದ್ರಾಕ್ಷಿ, ಮಸಾಲೆ ಹಾಕಿದ ಗಂಜಿಯಾಗಿತ್ತು. ಗಂಜಿ ಗಟ್ಟಿಯಾಗಿ ಪುಡಿಂಗ್ ಆಯಿತು, ಆಮೇಲೆ ಕೇಕಾಯಿತು. ನಮ್ಮ ಕೊಡಗಿನ ಗಡಿಯಾಚೆಯ ತಲಶ್ಶೇರಿಯಲ್ಲಿ 1883ರಲ್ಲಿ ಮಾಂಬಳ್ಳಿ ಬಾಪು ಎಂಬ ಬಿಸ್ಕೆಟ್ ತಯಾರಕ, ಬ್ರಿಟಿಷ್ ತೋಟದ ಮಾಲೀಕನೊಬ್ಬ ತಂದು ತೋರಿಸಿದ ಕೇಕಿನ ರುಚಿ ನೋಡಿ, ಮಲಬಾರಿನ ಮಸಾಲೆ ಹಾಕಿ ತಾನೂ ಒಂದು ಮಾಡಿಕೊಟ್ಟ ಎಂಬುದು ಆ ಊರಿನವರು ಹೆಮ್ಮೆಯಿಂದ ಹೇಳುವ ಕಥೆ.

ಬೆಂಗಳೂರಿನ ಕಥೆ ಇನ್ನೂ ಸ್ವಾರಸ್ಯ. ಹಾಸನದ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರು. ಅಯ್ಯಂಗಾರ್ ಬೇಕರಿಗಳ ವಂಶವೃಕ್ಷ ಅಲ್ಲಿಂದ ಕವಲೊಡೆಯಿತು. ಬ್ರೆಡ್ಡು, ಬನ್ನು, ದಿಲ್‌ಪಸಂದ್‌ಗಳ ಜೊತೆಗೆ ಡಿಸೆಂಬರಿನಲ್ಲಿ ಮೊಟ್ಟೆಯಿಲ್ಲದ ಪ್ಲಮ್ ಕೇಕೂ ಅವರ ಗಾಜಿನ ಬೀರುವಿಗೆ ಬಂತು. ಮಡಿ ಮೈಲಿಗೆಯ ಮನೆಗಳಿಗೆ ಕ್ರಿಸ್‌ಮಸ್ ಕೇಕು ದಂಡಿನಿಂದ ಬರಲಿಲ್ಲ. ಬೀದಿ ಕೊನೆಯ ಅಯ್ಯಂಗಾರರ ಕೈಯಿಂದ, ಹಳೆಯ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿಸಿಕೊಂಡು ಬಂತು!

ದಂಡಿನವರು ಇದಕ್ಕೆ ಬೇರೊಂದು ರೀತಿಯಲ್ಲಿ ಉತ್ತರ ಕೊಟ್ಟರು. ಬ್ರಿಗೇಡ್ ರಸ್ತೆಯ ನೀಲಗಿರೀಸ್ ಅಂಗಡಿಯವರು 1970ರ ದಶಕದ ಮಧ್ಯದಲ್ಲಿ ಕೇಕ್ ಪ್ರದರ್ಶನ ಶುರು ಮಾಡಿದರು. ಸಕ್ಕರೆಯ ಕಣಕ ನಾದಿ, ಲಟ್ಟಿಸಿ, ಕತ್ತರಿಸಿ, ತಿಂಗಳುಗಟ್ಟಲೆ ಕೂತು ಕಟ್ಟಿದ ಕೋಟೆ, ಅರಮನೆ, ಗೋಪುರಗಳು. ಟಿಕೇಟು ಕೊಂಡು, ಸಾಲಿನಲ್ಲಿ ನಿಂತು, ತಿನ್ನಲಾಗದ ಕೇಕನ್ನು ನೋಡಿ ಬರುವ ಪದ್ಧತಿ ಈ ಊರಿನದು. ನನ್ನ ಅಜ್ಜಿಗೆ ಇದು ಕೊನೆಯವರೆಗೂ ಅರ್ಥವಾಗಲಿಲ್ಲ. "ಅಷ್ಟು ಸಕ್ಕರೆಗೆ ಊರಿಗೇ ಹೋಳಿಗೆ ಹಾಕಬಹುದಿತ್ತು" ಎನ್ನುತ್ತಿದ್ದರು. ಆದರೆ ತೇರನ್ನೂ ಯಾರೂ ಮನೆಗೆ ಒಯ್ಯುವುದಿಲ್ಲ, ಅಲ್ಲವೇ?

ಹೀಗೆ ಗುಡಿ, ದೀಪ, ಸಂತೆ, ತಿಂಡಿ ನಾಲ್ಕೂ ಕೂಡಿದವು. ಪೇಟೆಗೂ ದಂಡಿಗೂ ನಡುವೆ ಕಬ್ಬನ್ ಪಾರ್ಕು ಇತ್ತು. ಎರಡಕ್ಕೂ ಬೇರೆ ಆಡಳಿತ ಇತ್ತು. ದಂಡು ಪ್ರದೇಶ 1947ರಲ್ಲಿ ಮೈಸೂರಿಗೆ ಮರಳಿತು, 1949ರಲ್ಲಿ ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಕಾಗದದ ಮೇಲೆ ಒಂದಾದ ಊರು ಜನರ ಕಾಲಲ್ಲಿ ಒಂದಾಗಲು ಇಂಥ ಸಂಜೆಗಳು ಬೇಕಾದವು. ಎಂ.ಜಿ. ರಸ್ತೆಗೆ 2011ರಲ್ಲಿ ಬಂದ ಮೆಟ್ರೊ ಈಗ ಮೆಜೆಸ್ಟಿಕ್ಕಿನಿಂದ ಕಣ್ಣುಮುಚ್ಚಿ ತೆಗೆಯುವುದರೊಳಗೆ ಅಲ್ಲಿಗೆ ಮುಟ್ಟಿಸುತ್ತದೆ. ಕೋರಮಂಗಲದಲ್ಲಿ 2004ರಲ್ಲಿ ದೊಡ್ಡ ಮಾಲ್ ಬಂದಾಗಿನಿಂದ ಪರಿಷೆ ಬಡಾವಣೆ ಬಡಾವಣೆಗೂ ಹಂಚಿಹೋಗಿದೆ. ಮೂರು ಮಹಡಿ ಎತ್ತರದ ಮರ, ಅದರ ಮುಂದೆ ಫೋಟೊ. ಚೆನ್ನಾಗಿಯೇ ಇರುತ್ತದೆ. ಆದರೆ ಅದು ಗುಡಿಯಿಲ್ಲದ ಪರಿಷೆ. ಅಲ್ಲಿ ನೋಡುವುದಕ್ಕಿದೆ, ಕೈಮುಗಿಯುವುದಕ್ಕಿಲ್ಲ. ಅದಕ್ಕೇ ಕ್ರಿಸ್‌ಮಸ್ ವಾರ ಮಾಲಿಗೆ ಹೋಗುವವರು ಹತ್ತಿರದ ಒಂದು ಚರ್ಚಿಗೂ ಹೋಗಿ ಬನ್ನಿ. ಕನ್ನಡದ ಪೂಜೆ ಎಷ್ಟು ಹೊತ್ತಿಗೆ ಎಂದು ಬಾಗಿಲ ಬಳಿಯ ಹಲಗೆಯಲ್ಲಿ ಬರೆದಿರುತ್ತಾರೆ. ಹಿಂದಿನ ಸಾಲಿನಲ್ಲಿ ಕೂರಿ. ಯಾರೂ ಏನೂ ಕೇಳುವುದಿಲ್ಲ.

ಕಡೆಯದಾಗಿ, ನಮ್ಮ ಎದುರು ಮನೆಯ ಮಾತು. ಅಲ್ಲಿ ಮಂಗಳೂರಿನ ಒಂದು ಕುಟುಂಬವಿತ್ತು. ಡಿಸೆಂಬರಿನ ಎರಡನೆಯ ವಾರ ಅವರ ಮನೆಯಲ್ಲಿ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ಕೆಲಸ. ನಮ್ಮ ಬೀದಿಯ ಮಕ್ಕಳೆಲ್ಲ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುತ್ತಿದ್ದೆವು. ಗೋಲಿಯಷ್ಟು ಹಿಟ್ಟನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಿದರೆ ಗೀರುಗೀರಾದ ಪುಟ್ಟ ಹುಳು. ಅದೇ ಕಿಡ್ಯೊ. ಗುಲಾಬಿ ಹೂವಿನ ಕೆಲಸ ಮಾತ್ರ ಆಂಟಿಯದೇ. ಉದ್ದ ಹಿಡಿಯ ಕಬ್ಬಿಣದ ಅಚ್ಚನ್ನು ಎಣ್ಣೆಯಲ್ಲಿ ಕಾಯಿಸಿ, ತೆಂಗಿನಹಾಲು ಬೆರೆಸಿದ ಹಿಟ್ಟಿಗೆ ಮುಕ್ಕಾಲು ಮಾತ್ರ ಅದ್ದಬೇಕು. ಪೂರ್ತಿ ಮುಳುಗಿಸಿದರೆ ಹೂವು ಅಚ್ಚು ಬಿಡುವುದಿಲ್ಲ. ಮತ್ತೆ ಎಣ್ಣೆಗಿಟ್ಟು, ಒಂದೇ ಕುಲುಕು. ಹೂವು ಕಳಚಿಕೊಂಡು ತೇಲುತ್ತಿತ್ತು. ಮೊದಲ ಕಂತು ಮೊಟ್ಟೆ ಹಾಕದ ಹಿಟ್ಟಿನದು, ನಮ್ಮ ಮನೆಗೆಂದು.

25ರ ಬೆಳಿಗ್ಗೆ ತಟ್ಟೆ ಬರುತ್ತಿತ್ತು, ಮೇಲೊಂದು ಕಸೂತಿ ಹಾಕಿದ ಬಟ್ಟೆ. ಬಟ್ಟೆ ಸರಿಸಿ ನೋಡಿದರೆ ನೆವ್ರಿ ನಮ್ಮ ಕರ್ಜಿಕಾಯಿ, ಪಕ್ಕದಲ್ಲಿ ಚಕ್ಕುಲಿ, ಲಾಡು. ಅರ್ಧ ತಟ್ಟೆ ಗೋಕುಲಾಷ್ಟಮಿಯದೇ. ಅಮ್ಮ ಎಲ್ಲವನ್ನೂ ಡಬ್ಬಿಗೆ ತುಂಬಿ, ತಟ್ಟೆ ತೊಳೆದು, ಅಡುಗೆಮನೆಯ ಗೂಡಿನಲ್ಲಿ ಎತ್ತಿಡುತ್ತಿದ್ದರು. "ಕೊಟ್ಟು ಬರ್ಲಾ ಅಮ್ಮ?" ಎಂದರೆ, "ಖಾಲಿ ತಟ್ಟೆ ಕೊಡ್ತಾರೇನೋ? ಇರಲಿ" ಎನ್ನುತ್ತಿದ್ದರು.

ಆ ತಟ್ಟೆ ಮೂರು ವಾರ ಗೂಡಿನಲ್ಲೇ ಇರುತ್ತಿತ್ತು. ಸಂಕ್ರಾಂತಿಯ ಸಂಜೆ ಅದರ ತುಂಬ ಎಳ್ಳು ಬೆಲ್ಲ, ಒಂದು ಕಬ್ಬಿನ ತುಂಡು, ಸಕ್ಕರೆ ಅಚ್ಚಿನ ಒಂದು ಆನೆ. ಮೇಲೆ ಅದೇ ಕಸೂತಿಯ ಬಟ್ಟೆ. ರಸ್ತೆ ದಾಟಿಸುವ ಕೆಲಸ ನನ್ನದು.