ಹಣ್ಣಿಗೊಂದು ತಕ್ಕಡಿ

ಶಿಡ್ಲಘಟ್ಟದ ಕಡೆಯ ಸಣ್ಣ ಹಿಡುವಳಿದಾರರಲ್ಲಿ ಹಲವರು ಬದುವಿನ ಈಚೆಗೆ ಹಿಪ್ಪುನೇರಳೆಯನ್ನೂ ಆಚೆಗೆ ಟೊಮೇಟೊವನ್ನೂ ಬೆಳೆಯುತ್ತಾರೆ. ಎರಡೂ ಕಾದಿಡಲಾಗದ ಸರಕುಗಳೇ. ರೇಷ್ಮೆಗೂಡನ್ನು ಹಾಗೆಯೇ ಬಿಟ್ಟರೆ ಚಿಟ್ಟೆ ಕೊರೆದು ಹೊರಬರುತ್ತದೆ. ಹಣ್ಣನ್ನು ಬಿಟ್ಟರೆ ಕೊಳೆಯುತ್ತದೆ. ಆದರೂ ಗೂಡು ಮಾರಿ ಬರುವವನ ನಡಿಗೆಯೇ ಬೇರೆ. ಅವನಿಗೆ ಸರ್ಕಾರದ ಗೂಡಿನ ಮಾರುಕಟ್ಟೆಯಿದೆ, ಅದರ ಹಿಂದೆ 1959ರ ಕಾನೂನಿದೆ. ನೂಲು ಬಿಚ್ಚುವವರು ಪೈಪೋಟಿಯಲ್ಲಿ ಬೆಲೆ ಕಟ್ಟಬೇಕು. ಒಪ್ಪದಿದ್ದರೆ ರೈತನು ಒಲ್ಲೆನೆನ್ನಬಹುದು.

ಅದೇ ರೈತನು ಟೊಮೇಟೊ ತುಂಬಿಕೊಂಡು ಚಿಂತಾಮಣಿಯ ಮಂಡಿಗೆ ಹೋದಾಗ? ಅಲ್ಲಿಯೂ ಹರಾಜುಂಟು. ಆದರೆ ಬಾಡಿಗೆ ತೆತ್ತು ತಂದ ಹತ್ತು ಪೆಟ್ಟಿಗೆಗಳನ್ನು ಹಿಂದಕ್ಕೊಯ್ಯುವ ಧೈರ್ಯ ಯಾರಿಗಿದೆ? ಗೊಬ್ಬರಕ್ಕೆ ಮುಂಗಡ ಕೊಟ್ಟ ಮಂಡಿಯವನೇ ಎದುರಿಗಿದ್ದರಂತೂ ಮಾತು ಮುಗಿಯಿತು.

ಈ ಇಕ್ಕಟ್ಟನ್ನು ದ್ರಾಕ್ಷಿ ಬೆಳೆಗಾರರು ಬಹು ಹಿಂದೆಯೇ ಕಂಡಿದ್ದರು. ಅದೇ 1959ರಲ್ಲಿ, ತೋಟಗಾರಿಕೆಯ ಡಾ. ಮರಿಗೌಡರ ಪ್ರೇರಣೆಯಿಂದ, ಬೆಂಗಳೂರಿನಲ್ಲಿ ಅವರ ಸಹಕಾರ ಸಂಘ ಹುಟ್ಟಿತು. ಮುಂದೆ ಅದೇ ಹಾಪ್‌ಕಾಮ್ಸ್ ಆಯಿತು. ಬೆಳೆಗಾರನಿಂದ ಕೊಂಡು ತನ್ನ ಮಳಿಗೆಯಲ್ಲೇ ಮಾರುವ ಅದರ ಪದ್ಧತಿ ಸಣ್ಣ ಸಾಧನೆಯಲ್ಲ. ಆದರೆ ಗೌರಿಬಿದನೂರಿನ ಮೂಲೆಯ ಹಳ್ಳಿಯಿಂದ ಎರಡು ಮೂಟೆ ಹುರುಳಿಕಾಯಿ ಬೆಂಗಳೂರು ಸೇರುವುದು ಹೇಗೆ? ಗಾಡಿಯ ಬಾಡಿಗೆ ಎರಡು ಮೂಟೆಗೂ ಇಪ್ಪತ್ತು ಮೂಟೆಗೂ ಹೆಚ್ಚುಕಡಿಮೆ ಒಂದೇ.

ನನಗೆ ತೋರುವಂತೆ, ಮೊದಲು ಬೇಕಾದದ್ದು ಇನ್ನೊಂದು ದೊಡ್ಡ ಪೇಟೆಯಲ್ಲ. ಹಳ್ಳಿಯ ಮಗ್ಗುಲಲ್ಲೇ ಹತ್ತು ಜನರ ಮಾಲನ್ನು ಒಟ್ಟುಗೂಡಿಸಿ ತೂಗುವ ತಕ್ಕಡಿ ಬೇಕು. ಎರಡು ರಾತ್ರಿ ಹಣ್ಣನ್ನು ತಣ್ಣಗಿಡುವ ಕೋಣೆ ಬೇಕು. ಆಗ ಚಿಕ್ಕಬಳ್ಳಾಪುರದ ದ್ರಾಕ್ಷಿಯವನೂ ‘ಈ ದರಕ್ಕೆ ಕೊಡೆನು, ನಾಳೆ ಬಾ’ ಎನ್ನಬಲ್ಲನು. ಆ ಕೋಣೆಯ ವಿದ್ಯುತ್ತಿನ ಬಿಲ್ಲನ್ನು ಯಾರು ತೆರಬೇಕೆಂಬುದನ್ನು ಮಾತ್ರ ಬೆಳೆಗಾರರು ಮೊದಲ ದಿನವೇ ಗೊತ್ತುಮಾಡಿಕೊಳ್ಳಬೇಕು.