ಕೇಳಿದ್ದೆಲ್ಲ ಧರ್ಮವಲ್ಲ



ರಮಝಾನ್ ಸಮೀಪಿಸುತ್ತಿದ್ದಂತೆ ನಮ್ಮ ಮೊಬೈಲ್‌ಗಳಿಗೆ ಒಂದು ಸಂದೇಶ ಬರುತ್ತದೆ. ಈ ತಿಂಗಳ ಆಗಮನವನ್ನು ಮೊದಲು ತಿಳಿಸಿದವನಿಗೆ ನರಕ ನಿಷಿದ್ಧವೆಂದು ಪ್ರವಾದಿವರ್ಯರು(ಸ) ಹೇಳಿದ್ದಾರೆಂಬುದು ಅದರ ಸಾರ. ಹದೀಸ್ ಗ್ರಂಥಗಳಲ್ಲಿ ಇದಕ್ಕೆ ಆಧಾರವಿಲ್ಲ. ಆದರೂ ಪುಣ್ಯದ ಆಸೆಯಿಂದ ನಾವು ಹತ್ತು ಮಂದಿಗೆ ಕಳುಹಿಸುತ್ತೇವೆ. ಪ್ರವಾದಿವರ್ಯರು(ಸ) ಆಡದ ಮಾತನ್ನು ಅವರ ಹೆಸರಿನಲ್ಲಿ ಹಬ್ಬಿಸುವುದು ಘೋರ ಪಾಪವೆಂಬುದನ್ನು ಮರೆಯುತ್ತೇವೆ.

ಇಮಾಮ್ ಬುಖಾರಿಯವರು (810-870) ಒಂದು ಹದೀಸನ್ನು ಸ್ವೀಕರಿಸುವ ಮುನ್ನ ಅದನ್ನು ಹೇಳಿದವರಾರು, ಅವರು ಸತ್ಯಸಂಧರೇ, ಅವರ ಸ್ಮರಣಶಕ್ತಿ ಎಂತಹದು ಎಂದು ಪರಿಶೀಲಿಸುತ್ತಿದ್ದರು. ಅದಕ್ಕಾಗಿ ದೂರ ದೂರದ ಊರುಗಳಿಗೆ ಪ್ರಯಾಣಿಸಿದರು. ಆ ಪರಂಪರೆಯ ವಾರಸುದಾರರಾದ ನಾವು ಸಂದೇಶದ ಮೂಲವನ್ನೂ ವಿಚಾರಿಸುವುದಿಲ್ಲ.

ವದಂತಿಗೆ ನಮ್ಮ ಮಕ್ಕಳು ಬೆಲೆ ತೆತ್ತದ್ದೂ ಉಂಟು. ಪೋಲಿಯೊ ಹನಿಯಿಂದ ಸಂತಾನಶಕ್ತಿ ನಾಶವಾಗುತ್ತದೆಂಬ ಸುಳ್ಳು ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳ ಮುಸ್ಲಿಮ್ ಮೊಹಲ್ಲಾಗಳಲ್ಲಿ ಹರಡಿತ್ತು. 2002ರಲ್ಲಿ ದೇಶದಲ್ಲಿ ವರದಿಯಾದ 1,600 ಪೋಲಿಯೊ ಪ್ರಕರಣಗಳಲ್ಲಿ ಬಹುಪಾಲು ಆ ರಾಜ್ಯದ್ದಾಗಿತ್ತು. ನೈರ್ಮಲ್ಯದ ಕೊರತೆ, ಆರೋಗ್ಯ ಸೇವೆಯ ವೈಫಲ್ಯಗಳೂ ಕಾರಣವಾಗಿದ್ದವು, ನಿಜ. ಆದರೆ ಲಸಿಕೆ ತಂದವರಿಗೆ ಬಾಗಿಲು ಮುಚ್ಚಿದ ಹೊಣೆ ನಮ್ಮದೇ. ಬಳಿಕ ಉಲಮಾಗಳು ಮುಂದೆ ಬಂದರು. ಮಸೀದಿಗಳಿಂದಲೇ ಲಸಿಕೆಗೆ ಕರೆ ಹೊರಟಿತು. 2014ರಲ್ಲಿ ಭಾರತವು ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ಪಡೆಯಿತು. ಅಜ್ಞಾನವು ಮುಚ್ಚಿದ ಬಾಗಿಲನ್ನು ಧಾರ್ಮಿಕ ಜ್ಞಾನವು ತೆರೆಯಿತು.

2020ರಲ್ಲಿ ಕೊರೋನಾ ಹರಡಿದವರು ಮುಸ್ಲಿಮರೆಂಬ ಅಪಪ್ರಚಾರ ನಡೆದು, ನಮ್ಮ ಬಡ ವ್ಯಾಪಾರಿಗಳು ಬಹಿಷ್ಕಾರ ಎದುರಿಸಿದರು. ಅಂದು ನಾವು ಪುರಾವೆ ಕೇಳಿದೆವು. ಅದು ನ್ಯಾಯವೇ ಆಗಿತ್ತು. ಆದರೆ ಇತರ ಧರ್ಮೀಯರ ಬಗ್ಗೆ, ನಮ್ಮದೇ ಇನ್ನೊಂದು ಸಂಘಟನೆಯ ಬಗ್ಗೆ ಕೆಟ್ಟ ಸುದ್ದಿ ಬಂದಾಗ ಅದೇ ಪುರಾವೆಯನ್ನು ಕೇಳುತ್ತೇವೆಯೇ?

ಪವಿತ್ರ ಕುರ್‌ಆನ್ ನಮ್ಮನ್ನು ಮಧ್ಯಮ ಸಮುದಾಯವೆಂದು ಕರೆದು, ಜನರಿಗೆ ಸಾಕ್ಷಿಗಳಾಗಬೇಕೆಂದು ಹೇಳಿದೆ (ಅಲ್ ಬಕರಃ: 143). ದುಷ್ಟನು ತಂದ ಸುದ್ದಿಯನ್ನು ಪರಿಶೀಲಿಸಲು ಆಜ್ಞಾಪಿಸಿದೆ (ಅಲ್ ಹುಜುರಾತ್: 6). ಸಾಕ್ಷಿಯಾದವನು ತಿಳಿದದ್ದನ್ನು ಮಾತ್ರ ಹೇಳಬೇಕು. ಮಧ್ಯಮ ಮಾರ್ಗವೆಂದರೆ ಹೇಡಿತನವಲ್ಲ. ಹಿತವಾದ ಸುಳ್ಳನ್ನೂ ತಿರಸ್ಕರಿಸುವ ಧೈರ್ಯ.

ಆದ್ದರಿಂದ ಇಂದು ಮನೆಗೆ ಮರಳಿದ ಮೇಲೆ ಮಕ್ಕಳೊಂದಿಗೆ ಕುಳಿತು ಒಂದು ನಿರ್ಧಾರ ಮಾಡೋಣ. ಗ್ರಂಥದ ಹೆಸರಿಲ್ಲದ ಹದೀಸನ್ನು ಯಾರಿಗೂ ಕಳುಹಿಸದಿರೋಣ. ಹೆಸರಿದ್ದರೂ ಬಲ್ಲ ವಿದ್ವಾಂಸರಲ್ಲಿ ವಿಚಾರಿಸೋಣ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಲು ನಾಚದಿರೋಣ.

ಸತ್ಯವನ್ನು ಅರಿತು ನುಡಿಯುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.